ವಿದೇಶದಲ್ಲಿ ರಜೆಯ ಮನೆ, ತೆರಿಗೆ ಭಾರತದಲ್ಲಿ: ನಿವಾಸಿತ್ವವನ್ನು ಸಾಬೀತುಪಡಿಸುವ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಬಸವನಗುಡಿಯಲ್ಲಿ ನೆಲೆಸಿರುವ ದಂಪತಿ ಸ್ಪೇನ್‌ನ ಅಲಿಕಾಂತೆ ಕರಾವಳಿಯಲ್ಲಿ ಒಂದು ಚಿಕ್ಕ ಫ್ಲ್ಯಾಟ್ ಕೊಂಡಿದ್ದಾರೆ ಎಂದಿಟ್ಟುಕೊಳ್ಳೋಣ. ಮಗಳು ಯುರೋಪಿನಲ್ಲಿ ಕೆಲಸದಲ್ಲಿದ್ದಾಳೆ, ಹಾಗಾಗಿ ವರ್ಷಕ್ಕೆ ಎರಡು ಬಾರಿ ಅಲ್ಲಿಗೆ ಹೋಗಿ ಒಂದೆರಡು ತಿಂಗಳು ಇದ್ದು ಬರುತ್ತಾರೆ. ಕೆಲವು ವರ್ಷಗಳ ನಂತರ ಸ್ಪೇನ್‌ನ ತೆರಿಗೆ ಇಲಾಖೆಯಿಂದಲೋ ಅಲ್ಲಿನ ಬ್ಯಾಂಕಿನಿಂದಲೋ ಒಂದು ಪತ್ರ ಬರುತ್ತದೆ: ನೀವು ಯಾವ ದೇಶದ ತೆರಿಗೆ ನಿವಾಸಿ, ಅದಕ್ಕೆ ದಾಖಲೆ ಏನು? ಆಧಾರ್ ಕಾರ್ಡ್, ಪಾಸ್‌ಪೋರ್ಟ್, ಬೆಂಗಳೂರಿನ ಮನೆಯ ಖಾತಾ ಇವುಗಳಲ್ಲಿ ಯಾವುದೂ ಈ ಪ್ರಶ್ನೆಗೆ ಪೂರ್ಣ ಉತ್ತರವಲ್ಲ. ಪೌರತ್ವ ಬೇರೆ, ವೀಸಾ ಬೇರೆ, ಮನೆಯ ಒಡೆತನ ಬೇರೆ, ತೆರಿಗೆ ನಿವಾಸಿತ್ವವೇ ಬೇರೆ. ಅದನ್ನು ಸಾಬೀತುಪಡಿಸುವ ಮುಖ್ಯ ದಾಖಲೆ ಭಾರತದ ಆದಾಯ ತೆರಿಗೆ ಇಲಾಖೆ ಕೊಡುವ ತೆರಿಗೆ ನಿವಾಸ ಪ್ರಮಾಣಪತ್ರ, ಬಳಕೆಯ ಮಾತಿನಲ್ಲಿ ಟಿಆರ್‌ಸಿ. ಆದರೆ ಆ ಒಂದು ಹಾಳೆ ಕೈಗೆ ಬರಬೇಕಾದರೆ ಅದರ ಹಿಂದೆ ಒಂದು ಕಡತ ಬೇಕು, ಮತ್ತು ಆ ಕಡತವನ್ನು ಪತ್ರ ಬಂದ ದಿನ ಅಲ್ಲ, ಮನೆ ಕೊಂಡ ವರ್ಷದಿಂದಲೇ ಕಟ್ಟುತ್ತಾ ಬರಬೇಕು. ಈ ಲೇಖನದಲ್ಲಿ ಸ್ಪೇನ್‌ನ ಉದಾಹರಣೆಯನ್ನೇ ಹಿಡಿದು ಆ ಕೆಲಸವನ್ನು ಹೆಜ್ಜೆ ಹೆಜ್ಜೆಯಾಗಿ ವಿವರಿಸಿದ್ದೇನೆ. ದುಬೈ ಮತ್ತು ಬ್ರಿಟನ್‌ನಲ್ಲಿ ಮನೆ ಇರುವವರಿಗೆ ಬೇರೆಯಾಗುವ ಅಂಶಗಳನ್ನು ಕೊನೆಯ ಭಾಗದಲ್ಲಿ ಹೇಳಿದ್ದೇನೆ.

ಮೊದಲ ಹೆಜ್ಜೆ: ಎರಡೂ ದೇಶಗಳ ಅಳತೆಗೋಲನ್ನು ಪಕ್ಕಪಕ್ಕ ಇಟ್ಟು ನೋಡಿ

ಭಾರತದ ನಿಯಮ ಆದಾಯ ತೆರಿಗೆ ಕಾಯ್ದೆಯ 6ನೇ ಕಲಂನಲ್ಲಿದೆ. ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ವರ್ಷದಲ್ಲಿ 182 ದಿನ ಅಥವಾ ಅದಕ್ಕಿಂತ ಹೆಚ್ಚು ಭಾರತದಲ್ಲಿದ್ದರೆ ನೀವು ನಿವಾಸಿ. ಅಷ್ಟು ದಿನ ಇಲ್ಲದಿದ್ದರೂ, ಆ ವರ್ಷ 60 ದಿನ ಮತ್ತು ಅದರ ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿದ್ದರೆ ಆಗಲೂ ನಿವಾಸಿಯೇ. ಅರವತ್ತು ದಿನಗಳ ಬದಲು 182 ದಿನ ಎಂಬ ರಿಯಾಯಿತಿ ಇರುವುದು ಉದ್ಯೋಗಕ್ಕಾಗಿ ದೇಶ ಬಿಟ್ಟು ಹೋಗುವ ಭಾರತೀಯ ಪೌರರಿಗೆ ಮತ್ತು ಹೊರದೇಶದಲ್ಲಿ ನೆಲೆಸಿದ್ದು ಭೇಟಿಗೆಂದು ಬರುವವರಿಗೆ. ಭೇಟಿಗೆ ಬರುವವರ ಭಾರತದ ಆದಾಯ 15 ಲಕ್ಷ ರೂಪಾಯಿ ಮೀರಿದರೆ ಆ ಮಿತಿ 120 ದಿನಕ್ಕೆ ಇಳಿಯುತ್ತದೆ. ರಜೆಯ ಮನೆಗೆ ಹೋಗಿಬರುವ ಬೆಂಗಳೂರಿನವರಿಗೆ ಈ ಯಾವ ರಿಯಾಯಿತಿಯೂ ಅನ್ವಯಿಸುವುದಿಲ್ಲ. ಅಂದರೆ ವರ್ಷಕ್ಕೆ ಆರೇಳು ತಿಂಗಳು ಹೊರಗಿದ್ದರೂ ಅವರು ಭಾರತದ ನಿವಾಸಿಗಳಾಗಿಯೇ ಉಳಿಯುವ ಸಂಭವ ಬಹಳ ಹೆಚ್ಚು.

ಸ್ಪೇನ್‌ನ ವರ್ಷ ಜನವರಿಯಿಂದ ಡಿಸೆಂಬರ್. ಅಲ್ಲಿನ 2006ರ ವೈಯಕ್ತಿಕ ಆದಾಯ ತೆರಿಗೆ ಕಾಯ್ದೆಯ 9ನೇ ವಿಧಿಯ ಪ್ರಕಾರ ಒಂದು ಕ್ಯಾಲೆಂಡರ್ ವರ್ಷದಲ್ಲಿ 183 ದಿನಗಳಿಗಿಂತ ಹೆಚ್ಚು ಅಲ್ಲಿದ್ದವರು ನಿವಾಸಿ. ನಿಮ್ಮ ಆರ್ಥಿಕ ಚಟುವಟಿಕೆಯ ಮುಖ್ಯ ಕೇಂದ್ರ ಅಲ್ಲಿದ್ದರೂ ನಿವಾಸಿ. ಪತಿ ಅಥವಾ ಪತ್ನಿ ಮತ್ತು ಅಪ್ರಾಪ್ತ ಮಕ್ಕಳು ಅಲ್ಲೇ ನೆಲೆಸಿದ್ದರೆ ನೀವೂ ನಿವಾಸಿ ಎಂದು ಕಾನೂನು ಮೊದಲಿಗೆ ಭಾವಿಸುತ್ತದೆ, ಅಲ್ಲವೆಂದು ತೋರಿಸುವ ಹೊಣೆ ನಿಮ್ಮದಾಗುತ್ತದೆ. ಇವೆಲ್ಲಕ್ಕಿಂತ ಗಮನಿಸಬೇಕಾದದ್ದು ಅದೇ ವಿಧಿಯ ಇನ್ನೊಂದು ವಾಕ್ಯ: ನಡುನಡುವೆ ದೇಶದಿಂದ ಹೊರಗೆ ಹೋದ ತಾತ್ಕಾಲಿಕ ದಿನಗಳನ್ನೂ ಸ್ಪೇನ್‌ನಲ್ಲಿದ್ದ ದಿನಗಳೆಂದೇ ಎಣಿಸಬಹುದು, ಬೇರೊಂದು ದೇಶದಲ್ಲಿ ತೆರಿಗೆ ನಿವಾಸಿ ಎಂದು ನೀವು ಸಾಬೀತುಪಡಿಸಿದರೆ ಮಾತ್ರ ಎಣಿಸುವುದಿಲ್ಲ. ಟಿಆರ್‌ಸಿ ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಈ ಒಂದು ವಾಕ್ಯದಲ್ಲೇ ಇದೆ.

ಎರಡನೆಯ ಹೆಜ್ಜೆ: ದಿನಗಳ ಲೆಕ್ಕದ ಪುಸ್ತಕ

"ನಮ್ಮ ಹತ್ತಿರ ಷೆಂಗೆನ್ ವೀಸಾ ಮಾತ್ರ ಇದೆ, 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತೆಯೇ ಇಲ್ಲ, ಮತ್ತೆ 183 ದಾಟುವುದು ಹೇಗೆ?" ಎಂದು ಹಲವರು ಕೇಳುತ್ತಾರೆ. ಈ ಧೈರ್ಯ ಪೂರ್ತಿ ಸರಿಯಲ್ಲ. 2025ರ ಜನವರಿ 1ರಿಂದ ಮಾರ್ಚ್ 31ರವರೆಗೆ 90 ದಿನ ಅಲ್ಲಿದ್ದು ಹಿಂದಿರುಗಿದವರು ವೀಸಾ ನಿಯಮವನ್ನು ಮುರಿಯದೆ ಜೂನ್ 30ಕ್ಕೆ ಮತ್ತೆ ಹೋಗಬಹುದು, ಸೆಪ್ಟೆಂಬರ್ 27ರವರೆಗೆ ಇನ್ನೊಂದು 90 ದಿನ ಇರಬಹುದು, ಕ್ರಿಸ್‌ಮಸ್ ಮುಗಿದ ಮೇಲೆ ಡಿಸೆಂಬರ್ 27ಕ್ಕೆ ಮೂರನೆಯ ಬಾರಿ ಹೋಗಿ ವರ್ಷದ ಕೊನೆಯ ಐದು ದಿನ ಕಳೆಯಬಹುದು. ಒಟ್ಟು 185 ದಿನ. ವೀಸಾ ಅಧಿಕಾರಿಯ ಕಣ್ಣಿನಲ್ಲಿ ನೀವು ಒಂದು ದಿನವೂ ತಪ್ಪಿಲ್ಲ, ಆದರೆ ತೆರಿಗೆ ಅಧಿಕಾರಿಯ ಲೆಕ್ಕದಲ್ಲಿ 183 ದಾಟಿದ್ದೀರಿ. ಇಷ್ಟು ಕರಾರುವಾಕ್ಕಾಗಿ ಯಾರೂ ಪ್ರಯಾಣ ಮಾಡುವುದಿಲ್ಲ ಎಂಬುದು ನಿಜ; ಆದರೂ ವೀಸಾದ ಮಿತಿಯೇ ತೆರಿಗೆಯ ರಕ್ಷಣೆ ಎಂದು ನಂಬಿ ಕುಳಿತುಕೊಳ್ಳಬಾರದು ಎಂಬುದಕ್ಕೆ ಈ ಲೆಕ್ಕ ಸಾಕು.

ಆದ್ದರಿಂದ ಒಂದು ಸಾದಾ ನೋಟ್‌ಪುಸ್ತಕ ಅಥವಾ ಎಕ್ಸೆಲ್ ಹಾಳೆ ತೆರೆಯಿರಿ. ಪ್ರತಿ ಪ್ರಯಾಣಕ್ಕೂ ಒಂದು ಸಾಲು: ಬೆಂಗಳೂರು ಬಿಟ್ಟ ದಿನಾಂಕ, ವಿಮಾನದ ಸಂಖ್ಯೆ, ಅಲ್ಲಿ ಇಳಿದ ದಿನಾಂಕ, ಅಲ್ಲಿಂದ ಹೊರಟ ದಿನಾಂಕ, ಮತ್ತೆ ಬೆಂಗಳೂರು ತಲುಪಿದ ದಿನಾಂಕ. ಪಕ್ಕದಲ್ಲಿ ಎರಡು ಕಾಲಂ ಇರಲಿ, ಒಂದು ಏಪ್ರಿಲ್–ಮಾರ್ಚ್ ವರ್ಷದ ಲೆಕ್ಕಕ್ಕೆ, ಇನ್ನೊಂದು ಜನವರಿ–ಡಿಸೆಂಬರ್ ವರ್ಷದ ಲೆಕ್ಕಕ್ಕೆ. ದಂಪತಿಯಲ್ಲಿ ಇಬ್ಬರಿಗೂ ಪ್ರತ್ಯೇಕ ಹಾಳೆ ಬೇಕು, ಏಕೆಂದರೆ ನಿವಾಸಿತ್ವ ಕುಟುಂಬಕ್ಕೆ ಅಂಟುವುದಲ್ಲ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ತೀರ್ಮಾನವಾಗುತ್ತದೆ. ಬಂದ ದಿನ ಮತ್ತು ಹೊರಟ ದಿನವನ್ನು ಎಣಿಸಬೇಕೇ ಎಂಬ ಬಗ್ಗೆ ಭಾರತದ ನ್ಯಾಯಮಂಡಳಿಗಳ ತೀರ್ಪುಗಳಲ್ಲಿ ಭಿನ್ನಾಭಿಪ್ರಾಯವಿದೆ. ಆದ್ದರಿಂದ ಆ ದಿನಗಳನ್ನು ಸೇರಿಸಿದರೂ ಬಿಟ್ಟರೂ ನಿಮ್ಮ ಸ್ಥಿತಿ ಬದಲಾಗದಷ್ಟು ಅಂತರ ಇಟ್ಟುಕೊಳ್ಳುವುದು ಒಳ್ಳೆಯದು. ಹತ್ತು ದಿನಗಳ ಅಂತರ ಇದ್ದರೆ ನಿಶ್ಚಿಂತೆ.

ಪಾಸ್‌ಪೋರ್ಟಿನ ಮೊಹರುಗಳೇ ಸಾಕಲ್ಲವೇ ಎಂದರೆ, ಇನ್ನು ಮುಂದೆ ಸಾಲುವುದಿಲ್ಲ. ಒಮ್ಮೆ ನನ್ನ ಕೈಗೆ ಬಂದ ಒಂದು ಪಾಸ್‌ಪೋರ್ಟಿನಲ್ಲಿ ಒಂದು ಮೊಹರಿನ ಮೇಲೆ ಇನ್ನೊಂದು ಬಿದ್ದು, ಶಾಯಿ ಹರಡಿ, ತಿಂಗಳ ಅಂಕಿ 3 ಇರಬಹುದು ಅಥವಾ 8 ಇರಬಹುದು ಎಂಬಂತಾಗಿತ್ತು. ಐದು ತಿಂಗಳ ವ್ಯತ್ಯಾಸವನ್ನು ಬಗೆಹರಿಸಿದ್ದು ಹಳೆಯ ಇಮೇಲ್‌ನಲ್ಲಿ ಸಿಕ್ಕ ಒಂದು ಬೋರ್ಡಿಂಗ್ ಪಾಸ್. ಈಗಂತೂ ಮೊಹರು ಬೀಳುವುದೇ ಕಡಿಮೆಯಾಗುತ್ತಿದೆ. 2024ರ ಜೂನ್‌ನಲ್ಲಿ ದೆಹಲಿಯಲ್ಲಿ ಆರಂಭವಾದ ವಿಶ್ವಾಸಾರ್ಹ ಪ್ರಯಾಣಿಕರ ತ್ವರಿತ ವಲಸೆ ತಪಾಸಣೆ ಯೋಜನೆ 2025ರ ಜನವರಿಯಲ್ಲಿ ಬೆಂಗಳೂರು ವಿಮಾನ ನಿಲ್ದಾಣಕ್ಕೂ ಬಂದಿದೆ, ಅಲ್ಲಿ ಇ-ಗೇಟ್ ಮೂಲಕ ಹಾದುಹೋಗುತ್ತೀರಿ. ಯುರೋಪಿನ ಷೆಂಗೆನ್ ದೇಶಗಳು 2025ರ ಅಕ್ಟೋಬರ್ 12ರಿಂದ ಹಂತ ಹಂತವಾಗಿ ಮೊಹರಿನ ಬದಲು ಬೆರಳಚ್ಚು ಮತ್ತು ಮುಖಚಿತ್ರದ ಡಿಜಿಟಲ್ ದಾಖಲಾತಿಯನ್ನು ತಂದಿವೆ. ಇದರಿಂದ ಸರ್ಕಾರಗಳ ಬಳಿ ನಿಖರ ದಾಖಲೆ ಇರುತ್ತದೆ, ನಿಮ್ಮ ಬಳಿ ಏನೂ ಇರುವುದಿಲ್ಲ. ಆದ್ದರಿಂದ ಬೋರ್ಡಿಂಗ್ ಪಾಸ್‌ನ ಫೋಟೊ ಮತ್ತು ಇ-ಟಿಕೆಟ್‌ನ ಪಿಡಿಎಫ್ ಎರಡನ್ನೂ ಪ್ರಯಾಣದ ದಿನವೇ ಒಂದು ಫೋಲ್ಡರಿಗೆ ಹಾಕಿಡುವ ಅಭ್ಯಾಸ ಮಾಡಿಕೊಳ್ಳಿ.

ಮೂರನೆಯ ಹೆಜ್ಜೆ: ಬದುಕು ಇಲ್ಲಿದೆ ಎಂದು ತೋರಿಸುವ ಕಾಗದಗಳು

ದಿನಗಳ ಲೆಕ್ಕದ ಜೊತೆಗೆ ನಿಮ್ಮ ಮನೆ, ಹಣ, ಕುಟುಂಬ ಎಲ್ಲಿವೆ ಎಂಬುದೂ ತೂಗುತ್ತದೆ. ಬೆಂಗಳೂರಿನ ಮನೆಯ ಆಸ್ತಿ ತೆರಿಗೆ ರಸೀದಿ, ಬಾಡಿಗೆ ಮನೆಯಾದರೆ ಕರಾರುಪತ್ರ, ಬೆಸ್ಕಾಂ ಬಿಲ್, ನೀರಿನ ಬಿಲ್, ದಿನನಿತ್ಯದ ಖರ್ಚು ಕಾಣುವ ಬ್ಯಾಂಕ್ ಖಾತೆಯ ವಿವರ, ಆರೋಗ್ಯ ವಿಮೆ, ನಿಯಮಿತವಾಗಿ ತೋರಿಸಿಕೊಳ್ಳುವ ಆಸ್ಪತ್ರೆಯ ಚೀಟಿಗಳು, ಸಂಬಳ ಅಥವಾ ಪಿಂಚಣಿಯ ದಾಖಲೆ ಇವೆಲ್ಲ ಬೇಕು. ಇವುಗಳಲ್ಲಿ ವಿದ್ಯುತ್ ಬಿಲ್ಲನ್ನು ನಾನು ಹೆಚ್ಚು ನಂಬುತ್ತೇನೆ. ಆಸ್ತಿ ತೆರಿಗೆಯನ್ನು ಊರಲ್ಲಿ ಇಲ್ಲದವರೂ ಕಟ್ಟುತ್ತಾರೆ, ಆದರೆ ತಿಂಗಳಿಗೆ ಇಷ್ಟು ಯೂನಿಟ್ ಬಳಕೆ ಎಂಬ ಸಾಲು ಆ ಮನೆಯಲ್ಲಿ ಫ್ರಿಜ್, ಗೀಸರ್, ದೀಪಗಳು ನಡೆದಿವೆ ಎಂಬುದನ್ನು ಹೇಳುತ್ತದೆ. ಇದೇ ಕಾರಣಕ್ಕೆ ಸ್ಪೇನ್‌ನ ಮನೆಯ ವಿದ್ಯುತ್ ಬಿಲ್ಲುಗಳನ್ನೂ ಎಸೆಯಬೇಡಿ: ವರ್ಷದ ಎಂಟು ತಿಂಗಳು ಬಳಕೆ ಹೆಚ್ಚುಕಡಿಮೆ ಶೂನ್ಯ ಎಂದು ಅವು ತೋರಿಸಿದರೆ ಅದು ನಿಮ್ಮ ಪರವಾದ ಸಾಕ್ಷ್ಯ.

ಇದಕ್ಕೆ ಹೊಂದಿಕೊಂಡ ಒಂದು ಎಚ್ಚರಿಕೆ. ಸ್ಪೇನ್‌ನ ಪುರಸಭೆಗಳಲ್ಲಿ ಪದ್ರೋನ್ ಎಂಬ ನಿವಾಸಿಗಳ ನೋಂದಣಿ ಇದೆ. ಸ್ಥಳೀಯ ಸೌಲಭ್ಯಗಳಿಗೆ ಅನುಕೂಲ ಎಂದು ಯಾರೋ ಹೇಳಿದರೆಂದು ರಜೆಯ ಮನೆಯ ವಿಳಾಸದಲ್ಲಿ ಹೆಸರು ಸೇರಿಸಿಕೊಳ್ಳಬೇಡಿ. ಆ ನೋಂದಣಿ ಇರುವುದು ಅಲ್ಲಿ ವಾಸಿಸುವವರಿಗೆ. ಮುಂದೆ ನೀವು ನಿವಾಸಿಯಲ್ಲ ಎಂದು ವಾದಿಸುವಾಗ ನಿಮ್ಮದೇ ಸಹಿ ನಿಮ್ಮ ವಿರುದ್ಧ ನಿಲ್ಲುತ್ತದೆ.

ನಾಲ್ಕನೆಯ ಹೆಜ್ಜೆ: ಎರಡೂ ಕಡೆಯ ತೆರಿಗೆ ಕಾಗದಗಳು ಒಂದೇ ಮಾತು ಹೇಳಲಿ

ಭಾರತದಲ್ಲಿ ನಿವಾಸಿ ಎಂದು ಪ್ರಮಾಣಪತ್ರ ಕೇಳುವವರು ಭಾರತದಲ್ಲಿ ನಿವಾಸಿಯಂತೆಯೇ ರಿಟರ್ನ್ ಸಲ್ಲಿಸಿರಬೇಕು. ವಿದೇಶದಲ್ಲಿ ಮನೆ ಇರುವವರು ಐಟಿಆರ್-1 ಬಳಸುವಂತಿಲ್ಲ. ಐಟಿಆರ್-2, ವ್ಯಾಪಾರದ ಆದಾಯ ಇದ್ದರೆ ಐಟಿಆರ್-3. ಕಾಯ್ದೆಯ ಪ್ರಕಾರ 'ಸಾಮಾನ್ಯ ನಿವಾಸಿ' (ಆರ್ಡಿನರಿಲಿ ರೆಸಿಡೆಂಟ್) ಎನಿಸಿಕೊಳ್ಳುವವರು ಅದರಲ್ಲಿ ವಿದೇಶಿ ಆಸ್ತಿಗಳ ಷೆಡ್ಯೂಲ್ ಎಫ್‌ಎಯನ್ನು ತಪ್ಪದೆ ತುಂಬಬೇಕು, ಮತ್ತು ಅಲ್ಲಿ ಕೇಳುವುದು ಹಣಕಾಸು ವರ್ಷವನ್ನಲ್ಲ, ಕ್ಯಾಲೆಂಡರ್ ವರ್ಷವನ್ನು ಎಂಬುದು ನೆನಪಿರಲಿ. ಬಾಡಿಗೆ ಬರದ ಮನೆಯಾದರೂ ತೋರಿಸಲೇಬೇಕು. 2015ರ ಕಪ್ಪು ಹಣ ಕಾಯ್ದೆಯಡಿ ಹೀಗೆ ತೋರಿಸದಿದ್ದರೆ ದಂಡ 10 ಲಕ್ಷ ರೂಪಾಯಿ. 2024ರ ಅಕ್ಟೋಬರ್‌ನಿಂದ 20 ಲಕ್ಷದವರೆಗಿನ ಆಸ್ತಿಗಳಿಗೆ ಕೊಟ್ಟಿರುವ ವಿನಾಯಿತಿ ಸ್ಥಿರಾಸ್ತಿಗೆ ಅನ್ವಯಿಸುವುದಿಲ್ಲ. ಮನೆ ಕೊಳ್ಳಲು ಕಳುಹಿಸಿದ ಹಣದ ದಾಖಲೆಯನ್ನೂ ಇದೇ ಕಡತದಲ್ಲಿ ಇಡಿ: ಉದಾರೀಕೃತ ರವಾನೆ ಯೋಜನೆಯಡಿ ಒಬ್ಬ ನಿವಾಸಿ ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಕಳುಹಿಸಬಹುದು, ಆ ಯೋಜನೆ ಇರುವುದೇ ನಿವಾಸಿಗಳಿಗೆ.

ಸ್ಪೇನ್‌ನ ಕಡೆಯಲ್ಲಿ, ಅನಿವಾಸಿಯೊಬ್ಬರು ಬಾಡಿಗೆಗೆ ಕೊಡದೆ ಸ್ವಂತಕ್ಕೆ ಇಟ್ಟುಕೊಂಡ ಮನೆಗೂ ಒಂದು ಕಲ್ಪಿತ ಆದಾಯವನ್ನು ಲೆಕ್ಕ ಹಾಕಿ ತೆರಿಗೆ ವಿಧಿಸುತ್ತಾರೆ. ಸರ್ಕಾರಿ ನೋಂದಣಿ ಮೌಲ್ಯದ ಶೇ 2, ಇತ್ತೀಚೆಗೆ ಮೌಲ್ಯ ಪರಿಷ್ಕರಣೆಯಾದ ಊರುಗಳಲ್ಲಿ ಶೇ 1.1, ಅದರ ಮೇಲೆ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಶೇ 24 ತೆರಿಗೆ. ನೋಂದಣಿ ಮೌಲ್ಯ 1,00,000 ಯೂರೊ ಇದ್ದು ಶೇ 1.1 ಅನ್ವಯಿಸಿದರೆ ವರ್ಷಕ್ಕೆ 264 ಯೂರೊ. ಮೋದೆಲೊ 210 ಎಂಬ ಫಾರ್ಮ್‌ನಲ್ಲಿ, ಮರುವರ್ಷದ ಡಿಸೆಂಬರ್ 31ರೊಳಗೆ, ಜಂಟಿ ಮಾಲೀಕರು ಪ್ರತ್ಯೇಕ ಪ್ರತ್ಯೇಕವಾಗಿ ಸಲ್ಲಿಸಬೇಕು. ಮೊತ್ತ ಚಿಕ್ಕದೆಂದು ಇದನ್ನು ಬಿಟ್ಟುಬಿಡುವವರು ಬಹಳ. ನನ್ನ ದೃಷ್ಟಿಯಲ್ಲಿ ಆ ತೆರಿಗೆಗಿಂತಲೂ ದೊಡ್ಡದು ಅದರ ರಸೀದಿ: ಅದು ಅನಿವಾಸಿಗಳ ಫಾರ್ಮ್ ಆದ್ದರಿಂದ, ವರ್ಷ ವರ್ಷವೂ ನೀವು ಅನಿವಾಸಿ ಎಂದೇ ಆ ಸರ್ಕಾರದ ಮುಂದೆ ಹೇಳಿಕೊಂಡು ಬಂದಿದ್ದೀರಿ ಎಂಬುದಕ್ಕೆ ಅದಕ್ಕಿಂತ ನೇರ ದಾಖಲೆ ಇಲ್ಲ.

ಐದನೆಯ ಹೆಜ್ಜೆ: ಟಿಆರ್‌ಸಿಗೆ ಅರ್ಜಿ

1961ರ ಕಾಯ್ದೆಗೆ ಒಳಪಡುವ ವರ್ಷಗಳಿಗೆ, ಅಂದರೆ 2026ರ ಮಾರ್ಚ್ 31ರವರೆಗಿನ ವರ್ಷಗಳಿಗೆ, ಅರ್ಜಿಯ ಹೆಸರು ಫಾರ್ಮ್ 10ಎಫ್‌ಎ. ಅಧಿಕಾರಿ ಕೊಡುವ ಪ್ರಮಾಣಪತ್ರ ಫಾರ್ಮ್ 10ಎಫ್‌ಬಿ. ಆದಾಯ ತೆರಿಗೆ ನಿಯಮಗಳಲ್ಲಿ ಇದಕ್ಕೆ 21ಎಬಿ ಎಂಬ ನಿಯಮವಿದೆ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಾಗಿರುವುದರಿಂದ ನಂತರದ ತೆರಿಗೆ ವರ್ಷಗಳಿಗೆ ಹೊಸ ನಿಯಮಗಳ ಫಾರ್ಮನ್ನೇ ಬಳಸಬೇಕು. ಫಾರ್ಮ್ 10ಎಫ್ ಎಂಬ ಇನ್ನೊಂದು ಹೆಸರು ಕೇಳಿ ಗೊಂದಲಪಡಬೇಡಿ. ಅದು ಭಾರತದಲ್ಲಿ ಎರಡು ದೇಶಗಳ ನಡುವಿನ ತೆರಿಗೆ ಒಪ್ಪಂದದ ರಿಯಾಯಿತಿ ಕೇಳುವ ಅನಿವಾಸಿಗಳಿಗೆ, ನಿಮಗಲ್ಲ.

ಅರ್ಜಿ ಹೋಗಬೇಕಾದದ್ದು ನಿಮ್ಮ ಪ್ಯಾನ್ ಯಾರ ವ್ಯಾಪ್ತಿಯಲ್ಲಿದೆಯೋ ಆ ಅಸೆಸಿಂಗ್ ಆಫೀಸರ್‌ಗೆ. ಇ-ಫೈಲಿಂಗ್ ಜಾಲತಾಣದಲ್ಲಿ ಪ್ಯಾನ್ ಸಂಖ್ಯೆ ಮತ್ತು ಮೊಬೈಲ್ ಸಂಖ್ಯೆ ಕೊಟ್ಟರೆ ಯಾವ ವಾರ್ಡ್ ಎಂದು ತಿಳಿಯುತ್ತದೆ. ಅಮೆರಿಕದಲ್ಲೋ ಕೊಲ್ಲಿ ದೇಶದಲ್ಲೋ ಹಲವು ವರ್ಷ ಇದ್ದು ಬೆಂಗಳೂರಿಗೆ ಮರಳಿದವರು ಇಲ್ಲಿ ಒಂದು ತೊಡಕನ್ನು ಎದುರಿಸುತ್ತಾರೆ. ಅವರ ಪ್ಯಾನ್ ಇನ್ನೂ ಅಂತಾರಾಷ್ಟ್ರೀಯ ತೆರಿಗೆ ವಿಭಾಗದ ವಾರ್ಡಿನಲ್ಲೇ ಉಳಿದಿರುತ್ತದೆ, ಇಲಾಖೆಯ ದಾಖಲೆಯಲ್ಲಿ ಅವರು ಇನ್ನೂ ಅನಿವಾಸಿ. ಮೊದಲು ಪ್ಯಾನ್ ವಿವರದಲ್ಲಿ ವಿಳಾಸ ಮತ್ತು ನಿವಾಸ ಸ್ಥಿತಿಯನ್ನು ಸರಿಪಡಿಸಿ, ವಾಸಸ್ಥಳದ ವಾರ್ಡಿಗೆ ವರ್ಗಾಯಿಸುವಂತೆ ಲಿಖಿತವಾಗಿ ಕೋರಬೇಕು. ಇದಕ್ಕೆ ಸಮಯ ಹಿಡಿಯುತ್ತದೆ, ಆದ್ದರಿಂದ ಟಿಆರ್‌ಸಿ ಬೇಕಾಗುವ ಬಹಳ ಮೊದಲೇ ಈ ಕೆಲಸ ಮುಗಿಸಿಕೊಳ್ಳಿ.

ಫಾರ್ಮ್‌ನಲ್ಲಿ ಹೆಸರು, ವಿಳಾಸ, ಪೌರತ್ವ, ಪ್ಯಾನ್, ಯಾವ ಆಧಾರದ ಮೇಲೆ ನಿವಾಸಿ ಎಂದು ಹೇಳುತ್ತಿದ್ದೀರಿ, ಯಾವ ಅವಧಿಗೆ ಪ್ರಮಾಣಪತ್ರ ಬೇಕು, ಯಾವ ಉದ್ದೇಶಕ್ಕೆ ಎಂಬ ವಿವರಗಳನ್ನು ಕೇಳುತ್ತಾರೆ. ಕೊನೆಯ ಮೂರು ಅಂಶಗಳಲ್ಲೇ ಹೆಚ್ಚಿನ ಅರ್ಜಿಗಳು ದುರ್ಬಲವಾಗುವುದು. ಆಧಾರದ ಜಾಗದಲ್ಲಿ "ಭಾರತೀಯ ಪೌರ" ಎಂದು ಬರೆದರೆ ಅದು ಉತ್ತರವೇ ಅಲ್ಲ; "ಈ ವರ್ಷ ಭಾರತದಲ್ಲಿ ಇಷ್ಟು ದಿನ ಇದ್ದೇನೆ, ಲೆಕ್ಕದ ಹಾಳೆ ಲಗತ್ತಿಸಿದೆ" ಎಂದು ಬರೆಯಿರಿ. ಉದ್ದೇಶದ ಜಾಗದಲ್ಲಿ 1993ರಲ್ಲಿ ಸಹಿಯಾದ ಭಾರತ–ಸ್ಪೇನ್ ದ್ವಿತೆರಿಗೆ ತಪ್ಪಿಸುವ ಒಪ್ಪಂದದ 4ನೇ ವಿಧಿಯಡಿ ಸ್ಪೇನ್‌ನ ತೆರಿಗೆ ಇಲಾಖೆಗೆ ಸಲ್ಲಿಸಲು ಎಂದು ಸ್ಪಷ್ಟವಾಗಿ ನಮೂದಿಸಿ, ಏಕೆಂದರೆ ಒಪ್ಪಂದದ ಅನುಕೂಲ ಕೇಳುವಾಗ ಆ ಒಪ್ಪಂದದ ಅರ್ಥದಲ್ಲಿ ನಿವಾಸಿ ಎಂಬ ಉಲ್ಲೇಖವನ್ನು ಅಲ್ಲಿನ ಇಲಾಖೆ ಹುಡುಕುತ್ತದೆ.

ಅವಧಿಯ ವಿಷಯ ಎಲ್ಲಕ್ಕಿಂತ ಮುಖ್ಯ. ಸ್ಪೇನ್ ಕೇಳಿರುವುದು 2025ರ ಕ್ಯಾಲೆಂಡರ್ ವರ್ಷವನ್ನು. ಭಾರತದ ಪ್ರಮಾಣಪತ್ರ ಹಣಕಾಸು ವರ್ಷಕ್ಕೆ. 2025–26ರ ಪ್ರಮಾಣಪತ್ರ ಒಂದನ್ನೇ ಕಳುಹಿಸಿದರೆ 2025ರ ಜನವರಿಯಿಂದ ಮಾರ್ಚ್‌ವರೆಗಿನ ಮೂರು ತಿಂಗಳು ಬರಿದಾಗಿ ಉಳಿಯುತ್ತವೆ. ಆದ್ದರಿಂದ 2024–25 ಮತ್ತು 2025–26 ಎರಡಕ್ಕೂ ಅರ್ಜಿ ಹಾಕಿ, ಎರಡನ್ನೂ ಒಟ್ಟಿಗೆ ಕಳುಹಿಸಿ. ಜೊತೆಯ ಪತ್ರದಲ್ಲಿ ಭಾರತದ ತೆರಿಗೆ ವರ್ಷ ಏಪ್ರಿಲ್‌ನಿಂದ ಆರಂಭವಾಗುತ್ತದೆ ಎಂದು ಒಂದು ಸಾಲಿನಲ್ಲಿ ತಿಳಿಸಿ.

ವರ್ಷ ಮುಗಿಯುವ ಮುನ್ನ ಅರ್ಜಿ ಹಾಕಬೇಕಾಗಿ ಬಂದರೆ, ಕಳೆದ ನಾಲ್ಕು ವರ್ಷಗಳಲ್ಲಿ 365 ದಿನ ಇಲ್ಲಿದ್ದವರು ಏಪ್ರಿಲ್ 1ರಿಂದ ಊರಲ್ಲೇ ಇದ್ದರೆ ಮೇ 30ಕ್ಕೆ 60 ದಿನಗಳ ಷರತ್ತನ್ನು ಪೂರೈಸಿರುತ್ತಾರೆ. ಅದನ್ನು ಅರ್ಜಿಯಲ್ಲಿ ಲೆಕ್ಕಸಮೇತ ತೋರಿಸಿ. ಲಗತ್ತುಗಳಾಗಿ ಪ್ಯಾನ್ ಪ್ರತಿ, ಖಾಲಿ ಪುಟಗಳೂ ಸೇರಿ ಪಾಸ್‌ಪೋರ್ಟಿನ ಎಲ್ಲ ಪುಟಗಳ ಪ್ರತಿ, ದಿನಗಳ ಹಾಳೆ, ಹಿಂದಿನ ಮೂರು ನಾಲ್ಕು ವರ್ಷಗಳ ರಿಟರ್ನ್ ಸ್ವೀಕೃತಿಗಳು, ನಿಮ್ಮ ಹೆಸರಿನಲ್ಲಿ ಕಡಿತವಾದ ತೆರಿಗೆಯ ವಿವರವಿರುವ ಫಾರ್ಮ್ 26ಎಎಸ್, ಮನೆಯ ದಾಖಲೆ ಮತ್ತು ವಿದೇಶದಿಂದ ಬಂದ ಪತ್ರದ ಪ್ರತಿಯನ್ನು ಇಡಿ. ಕಚೇರಿಯಲ್ಲಿ ಕೊಟ್ಟಾಗ ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಳ್ಳಿ. ಟಿಆರ್‌ಸಿ ತಡವಾದರೆ ಅರ್ಜಿ ಹಾಕಿದ್ದೇನೆ ಎಂದು ಸ್ಪೇನ್‌ಗೆ ತೋರಿಸಲು ಅದೇ ಆಧಾರ.

ಕೈಗೆ ಬಂದ ಮೇಲೆ ಹೆಸರಿನ ಅಕ್ಷರಗಳು ಪಾಸ್‌ಪೋರ್ಟ್ ಮತ್ತು ಸ್ಪೇನ್‌ನ ಎನ್‌ಐಇ (ವಿದೇಶಿಯರ ಗುರುತಿನ ಸಂಖ್ಯೆ) ಕಾಗದದ ಜೊತೆ ಹೊಂದುತ್ತವೆಯೇ ನೋಡಿ. ತಂದೆಯ ಹೆಸರು, ಊರಿನ ಹೆಸರು, ಇನಿಷಿಯಲ್‌ಗಳು ಒಂದೊಂದು ದಾಖಲೆಯಲ್ಲಿ ಒಂದೊಂದು ರೀತಿ ಇರುವ ನಮ್ಮ ಕಡೆಯವರಿಗೆ ಇದು ನಿಜವಾದ ಸಮಸ್ಯೆ. ಭಾರತ 2005ರಿಂದ ಒಂದು ದೇಶದ ಸರ್ಕಾರಿ ದಾಖಲೆಯನ್ನು ಅಪೊಸ್ಟಿಲ್ ಎಂಬ ದೃಢೀಕರಣ ಮುದ್ರೆಯೊಂದಿಗೆ ಇನ್ನೊಂದು ದೇಶ ಒಪ್ಪುವ ಹೇಗ್ ಒಡಂಬಡಿಕೆಯಲ್ಲಿದೆ, ಸ್ಪೇನ್ ಕೂಡ ಅದರಲ್ಲಿದೆ. ಅವರು ಕೇಳಿದರೆ ವಿದೇಶಾಂಗ ಸಚಿವಾಲಯದಿಂದ ಅಪೊಸ್ಟಿಲ್ ಮಾಡಿಸಿ, ಅಧಿಕೃತ ಭಾಷಾಂತರಕಾರರಿಂದ ಸ್ಪ್ಯಾನಿಷ್ ಅನುವಾದ ಮಾಡಿಸಿ ಜೊತೆಗಿಡಿ.

ಆರನೆಯ ಹೆಜ್ಜೆ: ಎರಡೂ ದೇಶಗಳು ನಿಮ್ಮನ್ನು ನಿವಾಸಿ ಎಂದರೆ

ಮೇಲಿನ 185 ದಿನಗಳ ಉದಾಹರಣೆಯಲ್ಲಿ ಹೀಗೇ ಆಗುತ್ತದೆ. ಆಗ ಒಪ್ಪಂದದ 4ನೇ ವಿಧಿ ಒಂದಾದ ಮೇಲೊಂದು ಪ್ರಶ್ನೆ ಕೇಳುತ್ತದೆ. ಕಾಯಂ ಮನೆ ಯಾವ ದೇಶದಲ್ಲಿ ಲಭ್ಯವಿದೆ? ಎರಡೂ ಕಡೆ ಇದ್ದರೆ ವೈಯಕ್ತಿಕ ಮತ್ತು ಆರ್ಥಿಕ ಸಂಬಂಧಗಳು ಎಲ್ಲಿ ಗಟ್ಟಿ? ಅದೂ ತೀರ್ಮಾನವಾಗದಿದ್ದರೆ ರೂಢಿಯ ವಾಸ ಎಲ್ಲಿ? ನಂತರ ಪೌರತ್ವ, ಕೊನೆಗೆ ಎರಡು ಸರ್ಕಾರಗಳ ನಡುವಿನ ಮಾತುಕತೆ. ಸದಾ ಬೀಗದ ಕೈ ನಿಮ್ಮ ಬಳಿ ಇರುವ ರಜೆಯ ಮನೆಯನ್ನು ಮೊದಲ ಪ್ರಶ್ನೆಯಲ್ಲಿ ಲಭ್ಯವಿರುವ ಮನೆ ಎಂದೇ ಅವರು ವಾದಿಸಬಹುದು, ಆದ್ದರಿಂದ ಎರಡನೆಯ ಪ್ರಶ್ನೆಗೆ ಸಿದ್ಧರಾಗಿರಿ. ಮೂರನೆಯ ಹೆಜ್ಜೆಯ ಕಾಗದಗಳು ಉಪಯೋಗಕ್ಕೆ ಬರುವುದು ಇಲ್ಲೇ. ಇದರ ಜೊತೆಗೆ ಒಂದು ಅಪಾಯ: ವಿದೇಶಕ್ಕೆ ದೀರ್ಘ ಕಾಲ ಹೋಗುವವರು ಬೆಂಗಳೂರಿನ ಮನೆಯನ್ನು ಹನ್ನೊಂದು ತಿಂಗಳ ಕರಾರಿನಲ್ಲಿ ಬಾಡಿಗೆಗೆ ಕೊಟ್ಟುಬಿಟ್ಟರೆ, ಆ ಅವಧಿಯಲ್ಲಿ ನಿಮಗೆ ಲಭ್ಯವಿರುವ ಮನೆ ಸ್ಪೇನ್‌ನದು ಮಾತ್ರ ಎಂದಾಗುತ್ತದೆ. ಬಾಡಿಗೆಯ ಕೆಲವು ಸಾವಿರಗಳಿಗಾಗಿ ವಾದದ ಮೊದಲ ಮೆಟ್ಟಿಲನ್ನೇ ಕಳೆದುಕೊಳ್ಳಬೇಡಿ.

ದುಬೈ ಮತ್ತು ಬ್ರಿಟನ್

ದುಬೈಯಲ್ಲಿ 20 ಲಕ್ಷ ದಿರ್ಹಂ ಮೌಲ್ಯದ ಆಸ್ತಿ ಕೊಂಡವರಿಗೆ ಗೋಲ್ಡನ್ ವೀಸಾ ಸಿಗುತ್ತದೆ. ಅದನ್ನೇ ತೆರಿಗೆ ನಿವಾಸಿತ್ವ ಎಂದು ತಿಳಿದು ಬ್ಯಾಂಕಿನ ಸ್ವಯಂಘೋಷಣೆ ಪತ್ರದಲ್ಲಿ ಯುಎಇ ಎಂದು ಬರೆಯುವುದು ದೊಡ್ಡ ತಪ್ಪು. ಭಾರತ–ಯುಎಇ ಒಪ್ಪಂದದ ಪ್ರಕಾರ ಅಲ್ಲಿನ ನಿವಾಸಿ ಎನಿಸಿಕೊಳ್ಳಲು ಕ್ಯಾಲೆಂಡರ್ ವರ್ಷದಲ್ಲಿ ಕನಿಷ್ಠ 183 ದಿನ ಅಲ್ಲಿರಬೇಕು. ಯುಎಇಯ ಆಂತರಿಕ ನಿಯಮದಲ್ಲಿ ವಾಸದ ಪರವಾನಗಿ ಮತ್ತು ಕಾಯಂ ಮನೆ ಇದ್ದವರಿಗೆ 90 ದಿನ ಸಾಕು ಎಂದಿದ್ದರೂ, ಒಪ್ಪಂದದ ಅನುಕೂಲಕ್ಕೆ ಅದು ಸಾಲದು. ಬೆಂಗಳೂರಿನಲ್ಲಿ ಬದುಕುತ್ತಿರುವವರು ಆ ಪತ್ರದಲ್ಲಿ ಭಾರತ ಎಂದೇ ಬರೆದು ಪ್ಯಾನ್ ಸಂಖ್ಯೆ ಕೊಡಬೇಕು.

ಬ್ರಿಟನ್‌ನ ತೆರಿಗೆ ವರ್ಷ ಏಪ್ರಿಲ್ 6ರಿಂದ. ದಿನದ ಎಣಿಕೆ ಮಧ್ಯರಾತ್ರಿ ಎಲ್ಲಿದ್ದಿರಿ ಎಂಬುದರ ಮೇಲೆ. ಹಿಂದಿನ ಮೂರು ವರ್ಷ ಅಲ್ಲಿನ ನಿವಾಸಿಯಾಗಿರದವರು 45 ದಿನದೊಳಗೆ ಇದ್ದರೆ ಚಿಂತೆಯಿಲ್ಲ. ಅದರ ಮೇಲೆ ಕುಟುಂಬ, ವಸತಿ, ಕೆಲಸ, ಹಿಂದಿನ ಎರಡು ವರ್ಷಗಳಲ್ಲೊಂದರಲ್ಲಿ 90ಕ್ಕಿಂತ ಹೆಚ್ಚು ದಿನ ಇದ್ದದ್ದು ಎಂಬ ನಾಲ್ಕು ನಂಟುಗಳನ್ನು ಎಣಿಸುತ್ತಾರೆ: 91ರಿಂದ 120 ದಿನಕ್ಕೆ ಮೂರು ನಂಟು, 121ರಿಂದ 182 ದಿನಕ್ಕೆ ಎರಡು ನಂಟು ಇದ್ದರೆ ನಿವಾಸಿ. ಲಂಡನ್‌ನಲ್ಲಿ ಓದುವ ಮಕ್ಕಳಿಗೆಂದು ಕೊಂಡ ಫ್ಲ್ಯಾಟ್ 91 ದಿನ ನಿಮಗೆ ಲಭ್ಯವಿದ್ದು ಅಲ್ಲಿ ಒಂದೇ ಒಂದು ರಾತ್ರಿ ಮಲಗಿದರೂ ವಸತಿಯ ನಂಟು ಬಿತ್ತು ಎಂದೇ ಅರ್ಥ.

ಪತ್ರ ಬಂದಾಗ

ಸ್ಪೇನ್‌ನ ತೆರಿಗೆ ಇಲಾಖೆ ಮಾಹಿತಿ ಕೇಳಿ ಕಳುಹಿಸುವ ನೋಟಿಸಿಗೆ ಸಾಮಾನ್ಯವಾಗಿ 10 ಕೆಲಸದ ದಿನಗಳಲ್ಲಿ ಉತ್ತರ ಕೇಳುತ್ತಾರೆ. ಅವಧಿ ಮುಗಿಯುವ ಮೊದಲೇ ಕಾಲಾವಕಾಶ ಕೋರಬಹುದು, ಟಿಆರ್‌ಸಿ ಅರ್ಜಿಯ ಸ್ವೀಕೃತಿಯನ್ನು ಆ ಕೋರಿಕೆಯ ಜೊತೆಗಿಡಿ. ಆದರೆ ಆ ನೋಟಿಸು ಬರುವುದು ಬಹುತೇಕ ನೀವು ಇಲ್ಲದ ತಿಂಗಳಲ್ಲಿ, ಬೀಗ ಹಾಕಿದ ಫ್ಲ್ಯಾಟಿನ ಅಂಚೆಪೆಟ್ಟಿಗೆಗೆ. ಇಲಾಖೆಯ ದಾಖಲೆಯಲ್ಲಿ ಬೆಂಗಳೂರಿನ ವಿಳಾಸವನ್ನು ಕೊಟ್ಟಿರಿ, ಅದರ ಜೊತೆಗೆ ಅಂಚೆಪೆಟ್ಟಿಗೆಯ ಒಂದು ಕೀಲಿಯನ್ನು ನಂಬಿಕೆಯ ನೆರೆಯವರಿಗೋ ಮನೆ ನೋಡಿಕೊಳ್ಳುವವರಿಗೋ ಕೊಟ್ಟು, ಸರ್ಕಾರದ ಲಕೋಟೆ ಕಂಡ ದಿನವೇ ಫೋಟೊ ತೆಗೆದು ಕಳುಹಿಸಲು ಹೇಳಿಟ್ಟು ಬನ್ನಿ.